ಅಪ್‌ಡೇಟ್: ಡಿಎಸ್‌ಎಲ್‌ಆರ್‌ನಲ್ಲಿ ಡಿಜಿಟಲ್ ಜೂಮ್

ಮಲ್ಪೆ ತೀರದಿಂದ ದೂರದ ದೋಣಿಗಳ ಫೋಟೋಗೆ ಡಿಜಿಟಲ್ ಜೂಮ್ (ಲೆನ್ಸ್ ಬದಲು ಕ್ಯಾಮೆರಾವೇ ಚಿತ್ರದ ನಡುಭಾಗ ಹಿಗ್ಗಿಸೋದು) ಉಪಯೋಗವೇ ಅಂತ ಕೇಳಿದ್ದೆ. ಉತ್ತರ: ಫೋಟೋಗೆ ಬೇಡ, ಆಮೇಲೆ ಕ್ರಾಪ್ ಮಾಡಿದರೆ (ಅಂಚು ಕತ್ತರಿಸಿದರೆ) ಸಾಕು. ಲೈವ್ ವ್ಯೂನಲ್ಲಿ (ಹಿಂಬದಿ ಪರದೆ ನೋಡುತ್ತಾ ತೆಗೆಯುವಾಗ) ಭೂತಗನ್ನಡಿ ಬಟನ್ ಒತ್ತಿದಾಗ ದೊಡ್ಡದಾಗೋದು ಪರದೆಯ ನೋಟ ಮಾತ್ರ, ಅದು ಫೋಕಸ್ ನೋಡಲು. ಫೈಲ್ ಪೂರ್ತಿಯೇ ಉಳಿಯುತ್ತೆ. 6000×4000 ಚಿತ್ರವನ್ನು 2 ಪಟ್ಟು ಕ್ರಾಪ್ ಮಾಡಿದರೆ 3000×2000, ಅಂದರೆ 24ರಲ್ಲಿ 6 ಮೆಗಾಪಿಕ್ಸೆಲ್ ಮಾತ್ರ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಪ್ರಿಂಟ್ ಹಾಕಿದರೆ ಅಗಲ 10 ಇಂಚು. ಆಲ್ಬಮ್‌ಗೆ ಧಾರಾಳ.

ಎಡವಟ್ಟಾಗೋದು ಶಟರ್‌ನಲ್ಲಿ. ಕ್ರಾಪ್ ಮಾಡಿದಾಗ ಕೈನಡುಕವೂ ಹಿಗ್ಗುತ್ತೆ. 1.5 ಕ್ರಾಪ್ ಸೆನ್ಸರ್‌ನಲ್ಲಿ (ನೋಟ 1.5 ಪಟ್ಟು ಹತ್ತಿರ ಕಾಣುವ ಚಿಕ್ಕ ಸೆನ್ಸರ್) 250 ಎಂಎಂ ಲೆನ್ಸ್ ಇದ್ದರೆ, 2 ಪಟ್ಟು ಕ್ರಾಪ್‌ಗೆ ಶಟರ್ 1/400 ಸೆಕೆಂಡ್ ಬದಲು 1/800 ಇಡಿ. ಮಧ್ಯಾಹ್ನದ ಬಿಸಿಗಾಳಿಗೆ ಚಿತ್ರ ಕುಣಿಯೋದಕ್ಕೆ ಮಾತ್ರ ಮದ್ದಿಲ್ಲ, ಬೆಳಿಗ್ಗೆ ಬೇಗ ತೆಗೆಯಿರಿ.

ವಿಡಿಯೋ ಬೇರೆ ಲೆಕ್ಕ: ಕ್ಯಾನನ್ 600ಡಿಯಲ್ಲಿ 3ರಿಂದ 10 ಪಟ್ಟು ಡಿಜಿಟಲ್ ಜೂಮ್ ಇದೆ. 3 ಚೆನ್ನ, 10 ಮಸುಕು.