ಅಪ್‌ಡೇಟ್: ಅಮ್ಮ ಹೋದ ಮೇಲೆ ನಿಂತಿದ್ದ ಹಾಡು

ಅಮ್ಮ ತೀರಿಕೊಂಡ ಮೇಲೆ ಭಾನುವಾರದ ಆರಾಧನೆಯಲ್ಲಿ ನನ್ನ ಬಾಯಿಂದ ಸ್ತುತಿಯ ಒಂದು ಸಾಲೂ ಹೊರಡುತ್ತಿಲ್ಲ, ಇದು ಅವಿಶ್ವಾಸವೇ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಸಮಾಧಾನದ ವಚನಗಳನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಬೈಬಲಿನ ಅಳುವ ಕೀರ್ತನೆಗಳನ್ನು ಓದು ಎಂದು ನಿಮ್ಮಲ್ಲಿ ಹಿರಿಯರೊಬ್ಬರು ಬರೆದಿದ್ದರು. ಅದನ್ನೇ ಹಿಡಿದುಕೊಂಡೆ.

ಮೊದಲು ಓದಿದ್ದು 13ನೆಯ ಕೀರ್ತನೆ. ಇರುವುದು ಆರೇ ವಚನ. 'ಇನ್ನೆಷ್ಟು ಕಾಲ' ಎಂಬ ಮೊರೆಯಿಂದ ತೊಡಗಿ ಹಾಡಿನಲ್ಲಿ ಮುಗಿಯುತ್ತದೆ. ನನ್ನ ದುಃಖ ಅಷ್ಟು ಬೇಗ ತಿರುಗಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು 88ನೆಯದು. ಅದರ ಕೊನೆಯಲ್ಲಿ ಸ್ತುತಿಯೇ ಇಲ್ಲ, ಕತ್ತಲೆ ಮಾತ್ರ. ಆದರೂ ಹಗಲಿರುಳು ಕೂಗುವುದು ದೇವರನ್ನೇ. ಆ ಕೂಗಿಗೂ ಬೈಬಲಿನಲ್ಲಿ ಸ್ಥಳವಿದೆ ಎಂದು ತಿಳಿದಾಗ ಎಷ್ಟೋ ದಿನಗಳ ನಂತರ ನಿದ್ದೆ ಬಂತು. ಸತ್ತುಹೋಗಿದ್ದ ಗೆಳೆಯ ಲಾಜರನನ್ನು ಎಬ್ಬಿಸಲು ಬಂದ ಯೇಸುವೇ ಕಣ್ಣೀರು ಸುರಿಸಿದನಲ್ಲವೇ!

ಕಳೆದ ತಿಂಗಳು ಅಕ್ಕಿ ತೊಳೆಯುತ್ತಿದ್ದಾಗ ಅಮ್ಮ ಗುನುಗುತ್ತಿದ್ದ ರಾಗ ತಾನಾಗಿ ಬಂತು. ಪದಗಳಿರಲಿಲ್ಲ, ರಾಗವಷ್ಟೇ. ನೀರು ಬಿಟ್ಟುಕೊಂಡೇ ನಿಂತು ಅತ್ತೆ. ಅವರಿಲ್ಲದ ನೋವು ಕಡಿಮೆಯಾಗಿಲ್ಲ. ಆ ನೋವನ್ನು ದೇವರಿಂದ ಮುಚ್ಚಿಡಬೇಕೆಂಬ ಭಯ ಹೋಗಿದೆ. ನನಗೆ ಸಿಕ್ಕ ಶಾಂತಿ ಇದು.

ಮೊನ್ನೆ ಭಾನುವಾರ ಅಮ್ಮ ಕೂರುತ್ತಿದ್ದ ಬೆಂಚಿನಲ್ಲೇ ಕುಳಿತೆ. ಮೊದಲ ಚರಣ ಹಾಡಿದೆ. ಎರಡನೆಯದಕ್ಕೆ ಗಂಟಲು ಕಟ್ಟಿತು. ಪಕ್ಕದಲ್ಲಿದ್ದ ಅಜ್ಜಿ ನನ್ನ ಕೈಹಿಡಿದು, ಉಳಿದ ಚರಣಗಳನ್ನು ನನಗೂ ಸೇರಿಸಿ ಹಾಡಿದರು.