ಮೋಟರ್ ಇಲ್ಲದ ಆಟೋ

"ಇವತ್ತು ಆಟೋ ಮಾಡೋಣ" ಅಂದ ಸೀನ.

"ಆಟೋ ಯಾಕೋ? ಕಾರಲ್ಲೇ ಬಂದಿದ್ದೀವಲ್ಲ" ಅಂದರು ಅವನ ಮಾವ.

ಭಾನುವಾರ ಬೆಳಿಗ್ಗೆ ಏಳು ಗಂಟೆ. ಕೋಲಾರದ ಕಡೆಯ ಒಂದು ಕೆರೆ ಅಂಗಳ. ನೀರೊಂದು ಬಿಟ್ಟು ಕೆರೆಗೆ ಬೇಕಾದ್ದೆಲ್ಲ ಅಲ್ಲಿತ್ತು. ಕಟ್ಟೆ, ತೂಬು, ದೂರದಲ್ಲಿ ಎರಡು ಎಮ್ಮೆ. ನಾವು ನಾಲ್ಕು ಜನ. ಸೀನ ಇಂಜಿನಿಯರ್. ಮೇಷ್ಟ್ರು ಫಿಸಿಕ್ಸ್ ಕಲಿಸಿ ರಿಟೈರ್ ಆದವರು. ನಾನು ನಮ್ಮ ಪುಟ್ಟ ಮಾಡೆಲ್ ಹೆಲಿಕಾಪ್ಟರಿನ ರಿಮೋಟ್ ಹಿಡಿಯುವವನು. ಮಾವ ಬಂದದ್ದು ದಾರಿಯಲ್ಲಿ ಕಟ್ಟಿಸಿಕೊಂಡ ಬೋಂಡಾ ಸಲುವಾಗಿ.

"ಆ ಆಟೋ ಅಲ್ಲ ಮಾವ. ಆಟೋರೊಟೇಷನ್. ಹಾರುತ್ತಿರುವಾಗಲೇ ಮೋಟರ್ ಬಂದ್ ಮಾಡಿ ಹೆಲಿಕಾಪ್ಟರ್ ಇಳಿಸೋದು."

ಮಾವ ಸ್ವಲ್ಪ ಹೊತ್ತು ಯೋಚಿಸಿದರು. "ಮೋಟರ್ ಬಂದ್ ಮಾಡಿದ್ರೆ ಅದೇ ಕೆಳಗೆ ಬರುತ್ತಲ್ಲ. ಅದಕ್ಕೆ ನೀವ್ಯಾಕೆ ಬೇಕು?"

ಇದಕ್ಕೆ ಇಂಜಿನಿಯರ್ ಹತ್ತಿರ ಉತ್ತರ ಇರಲಿಲ್ಲ. ಮೇಷ್ಟ್ರು ಕೈಯಲ್ಲಿದ್ದ ಬೋಂಡಾ ಕೆಳಗಿಟ್ಟರು. ಅವರು ಬೋಂಡಾ ಕೆಳಗಿಟ್ಟರೆ ಪಾಠ ಶುರು ಅಂತಲೇ ಅರ್ಥ.

"ಜಾತ್ರೆಯಲ್ಲಿ ಗಿರಗಿಟ್ಲೆ ಹಿಡಿದು ಓಡಿದ್ದೀರಲ್ವಾ? ಅದಕ್ಕೆ ಯಾವ ಮೋಟರ್ ಇತ್ತು? ಇದೂ ಅಷ್ಟೇ. ಹೆಲಿಕಾಪ್ಟರ್ ಇಳಿಯುವಾಗ ಗಾಳಿ ಕೆಳಗಿಂದ ಮೇಲಕ್ಕೆ ಬ್ಲೇಡ್ ನಡುವೆ ನುಗ್ಗುತ್ತೆ. ಆಗ ಬ್ಲೇಡನ್ನ ಮೂರು ನಾಲ್ಕು ಡಿಗ್ರಿ ಕೆಳಮುಖ ಮಾಡಿದ್ರೆ ಆ ಗಾಳಿಯೇ ತಿರುಗಿಸ್ತಾ ಇರುತ್ತೆ."

"ನಿಂತ ಮೋಟರ್ ಬ್ಲೇಡನ್ನ ಹಿಡಿದುಕೊಳ್ಳೋದಿಲ್ವಾ?"

ಪ್ರಶ್ನೆ ಸರಿಯಾಗಿತ್ತು. ಬೋಂಡಾ ತಿನ್ನಲು ಬಂದವರು ಕೇಳುವಂಥದ್ದಲ್ಲ. ಸೀನ ಹೆಲಿಕಾಪ್ಟರ್ ತಿರುವಿ ದೊಡ್ಡ ಗೇರ್ ತೋರಿಸಿದ. ಅದರೊಳಗೆ ಒಂದೇ ದಿಕ್ಕಿಗೆ ಹಿಡಿಯುವ ಬೇರಿಂಗ್ ಇರುತ್ತದೆ. ಮೋಟರ್ ತಿರುಗಿದರೆ ಬ್ಲೇಡ್ ತಿರುಗಲೇಬೇಕು. ಮೋಟರ್ ನಿಂತರೆ ಬ್ಲೇಡ್ ನಿಲ್ಲಬೇಕಿಲ್ಲ.

"ಸೈಕಲ್ ಫ್ರೀವೀಲ್ ಅನ್ನು" ಅಂದರು ಮಾವ. "ಇಷ್ಟಕ್ಕೆ ಅಷ್ಟು ಇಂಗ್ಲಿಷಾ? ನಾನು ನಂದಿಬೆಟ್ಟದಿಂದ ಮೊಪೆಡ್ಡಿನಲ್ಲಿ ಇಂಜಿನ್ ಆಫ್ ಮಾಡೇ ಇಳೀತಿದ್ದೆ. ಪೆಟ್ರೋಲ್ ಉಳಿತಾಯ."

"ಬ್ರೇಕ್?"

"ಅದು ಉಳಿತಾಯ ಆಗ್ಲಿಲ್ಲ. ಕೊನೇ ತಿರುವಲ್ಲಿ ಸವೆದೇಹೋಯ್ತು."

ಮೇಷ್ಟ್ರು ಬಿಡಲಿಲ್ಲ. ಸ್ಪೇನ್ ದೇಶದ ಹುವಾನ್ ದೆ ಲಾ ಸಿಯೆರ್ವಾ ಕಥೆ ತೆಗೆದರು. 1919ರಲ್ಲಿ ಆತ ಕಟ್ಟಿದ ವಿಮಾನವೊಂದು ವೇಗ ಸಾಲದೆ ಬಿದ್ದಿತ್ತು. ವೇಗ ಕಮ್ಮಿಯಾದರೂ ಬೀಳದಂಥದ್ದು ಬೇಕು ಅಂತ ಆತ ಆಟೋಜೈರೋ ಮಾಡಿದ. ಎಳೆಯುವುದಕ್ಕೆ ಮುಂದೆ ಇಂಜಿನ್, ತಲೆ ಮೇಲೆ ಗಾಳಿಗೇ ತಿರುಗುವ ಬ್ಲೇಡ್. ಅದು 1923ರ ಜನವರಿಯಲ್ಲಿ ಮ್ಯಾಡ್ರಿಡ್ ಹತ್ತಿರ ಹಾರಿತು. ಕೆಲವೇ ದಿನಗಳಲ್ಲಿ ಮೇಲೇರುವಾಗ ಇಂಜಿನ್ ಕೈಕೊಟ್ಟಿತು. ಯಂತ್ರ ನಿಧಾನವಾಗಿ ಇಳಿದು ಕೂತಿತು.

"ಪುಣ್ಯಾತ್ಮ" ಅಂದರು ಮಾವ.

"1936ರಲ್ಲಿ ಲಂಡನ್ ಹತ್ತಿರದ ಕ್ರಾಯ್ಡನ್‌ನಲ್ಲಿ ತೀರಿಕೊಂಡ. ಹತ್ತಿದ್ದು ಮಾಮೂಲಿ ವಿಮಾನ."

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಎಮ್ಮೆ ಕೂಡ ಮೇಯುವುದು ನಿಲ್ಲಿಸಿ ನಮ್ಮ ಕಡೆ ನೋಡಿತು.

"ಹಾಗಾದ್ರೆ ನಮ್ಮ ಎಚ್‌ಎಎಲ್‌ನವರದ್ದು?" ಅಂತ ಮಾವನೇ ಮತ್ತೆ ಶುರು ಮಾಡಿದರು. ಧ್ರುವ್‌ಗೆ ಎರಡು ಇಂಜಿನ್, ಹಳೇ ಚೇತಕ್‌ಗೆ ಒಂದೇ ಅಂತ ಸೀನ ಹೇಳಿದ. ಇಂಜಿನ್ ಒಂದಿರಲಿ ಎರಡಿರಲಿ, ಪೈಲಟ್‌ಗಳು ಇದನ್ನು ಕಲಿಯಲೇಬೇಕು.

"ಅಷ್ಟು ದೊಡ್ಡದನ್ನೇ ಇಳಿಸ್ತಾರೆ. ಈ ಸೊಳ್ಳೆ ಇಳಿಸೋದಕ್ಕೆ ಇಷ್ಟು ಮೀಟಿಂಗಾ?"

ಇಲ್ಲೇ ಎಲ್ಲರೂ ತಪ್ಪು ತಿಳಿಯುವುದು. ಸೊಳ್ಳೆಯೇ ಕಷ್ಟ. ನಮ್ಮದು 450 ಸೈಜಿನದು. ಒಂದೊಂದು ಬ್ಲೇಡ್ 325 ಮಿಲಿಮೀಟರ್. 700 ಸೈಜಿನದಾದರೆ ಬ್ಲೇಡ್ ಉದ್ದ ಎರಡರಷ್ಟು, ತೂಕ ಅದಕ್ಕೂ ಜಾಸ್ತಿ. ಒಮ್ಮೆ ತಿರುಗಿದರೆ ಸುಲಭಕ್ಕೆ ನಿಲ್ಲುವುದಿಲ್ಲ. ಅದು ಗೌರ್ಮೆಂಟ್ ಸಂಬಳ ಇದ್ದ ಹಾಗೆ. ನಮ್ಮದು ದಿನಗೂಲಿ. ಬ್ಲೇಡಿನಲ್ಲಿ ಕೂಡಿಟ್ಟ ವೇಗ ಒಂದೇ ಒಂದು ಖರ್ಚಿಗೆ ಸಾಕು. ಆ ಖರ್ಚು ನೆಲ ಮುಟ್ಟುವ ಮುಂಚಿನ ಒಂದು ಸೆಕೆಂಡಿಗೆ ಉಳಿದಿರಬೇಕು.

ಕ್ರಮ ಹೇಳೋದು ಸುಲಭ. ಥ್ರಾಟಲ್ ಹೋಲ್ಡ್ ಸ್ವಿಚ್ ಒತ್ತು, ಮೋಟರ್ ನಿಲ್ಲುತ್ತೆ. ಎಡಗೈ ಸ್ಟಿಕ್ ಕೆಳಗಿಳಿಸು, ಬ್ಲೇಡ್ ಕೆಳಮುಖ ಆಗುತ್ತೆ. ಸ್ವಲ್ಪ ಮುಂದಕ್ಕೆ ಓಡಿಸಿಕೊಂಡು ಬಾ. ಆಳೆತ್ತರಕ್ಕೆ ಬಂದಾಗ ಮೂತಿ ಎತ್ತು, ಓಟ ಕಮ್ಮಿಯಾಗಿ ಬ್ಲೇಡ್ ಇನ್ನೂ ಜೋರಾಗುತ್ತೆ. ಮೊಣಕಾಲೆತ್ತರದಲ್ಲಿ ನೇರ ಮಾಡಿ ಸ್ಟಿಕ್ ಮೇಲೆಳಿ. ಹೂವಿನ ಹಾಗೆ ಕೂರುತ್ತೆ. ಮೂವತ್ತು ಮೀಟರ್ ಮೇಲಿಂದ ಶುರು ಮಾಡಿದರೆ ಎಲ್ಲಾ ಸೇರಿ ಐದಾರು ಸೆಕೆಂಡ್.

ಕೈ ಕೇಳಬೇಕಲ್ಲ! ಬೀಳುತ್ತಿರುವ ವಸ್ತು ನೋಡಿದರೆ ಕೈ ಮೇಲಕ್ಕೇ ಎಳೆಯುತ್ತದೆ. ಹಾಲು ಉಕ್ಕುವಾಗ ಓಡುವ ಹಾಗೆ, ಅದಕ್ಕೆ ಬುದ್ಧಿ ಕೇಳಿ ಗೊತ್ತಿಲ್ಲ. ಹೋದ ತಿಂಗಳು ನಾನು ಮಾಡಿದ್ದೂ ಅದೇ. ಸ್ವಿಚ್ ಒತ್ತಿದೆ, ಹೆಲಿಕಾಪ್ಟರ್ ಇಳಿಯಿತು, ಕೈ ಸ್ಟಿಕ್ಕನ್ನು ಮೇಲೆಳೆಯಿತು. ಹದಿನೈದು ಮೀಟರ್ ಎತ್ತರದಲ್ಲಿ ಒಂದು ಕ್ಷಣ ಅದ್ಭುತವಾಗಿ ನಿಂತಿತು. ಆಮೇಲೆ ಕರೆಂಟ್ ಹೋದಾಗ ಸೀಲಿಂಗ್ ಫ್ಯಾನ್ ತಿರುಗುವ ಹಾಗೆ ಬ್ಲೇಡ್ ಒಂದೊಂದೇ ಎಣಿಸಲು ಸಿಕ್ಕಿತು. ಆಮೇಲೆ ತೆಂಗಿನಕಾಯಿ.

"ಎಷ್ಟಾಯ್ತು?" ಅಂದರು ಮಾವ.

"ಬ್ಲೇಡ್ ಜತೆ, ಮೇನ್ ಶಾಫ್ಟ್, ಗೇರ್, ಬಾಲದ ಕೊಳವೆ."

"ಅಂದ್ರೆ ಬೆಂಗಳೂರಿನ ಆಟೋನೇ. ಮೀಟರ್ ಮೇಲೆ ಒಂದೂವರೆ."

ಕೊನೆಗೆ ಬ್ಯಾಟರಿ ಹಾಕಿದೆ. ನಾಲ್ಕೂ ಜನ ದೂರ ನಿಂತೆವು. ನಿಮಿಷಕ್ಕೆ ಎರಡೂವರೆ ಸಾವಿರ ಸುತ್ತು ತಿರುಗುವ ಕಾರ್ಬನ್ ಬ್ಲೇಡ್ ಹತ್ತಿರ ಧೈರ್ಯ ತೋರಿಸಬಾರದು. ಮೇಲಕ್ಕೆ ಹೋಯಿತು. ಒಂದು ಸುತ್ತು ಹಾಕಿಸಿದೆ. ಧೈರ್ಯ ಬರಲಿ ಅಂತ ಇನ್ನೊಂದು ಸುತ್ತು.

"ಒತ್ತು ಮಾರಾಯ" ಅಂದ ಸೀನ.

ಒತ್ತಲು ಬೆರಳು ತೆಗೆದುಕೊಂಡು ಹೋದೆ. ಅಷ್ಟರಲ್ಲಿ ಮೇಲೆ ಸದ್ದೇ ಬದಲಾಯಿತು. ಕಿಂಯ್ ಅಂತ ಏನೋ ಏರಿತು, ಹೆಲಿಕಾಪ್ಟರ್ ಕುಸಿಯಿತು. ನಾನು ಇನ್ನೂ ಸ್ವಿಚ್ ಮುಟ್ಟಿರಲಿಲ್ಲ! ಯಾರಿಗೂ ಹೇಳಬೇಡಿ, ಗಾಬರಿಗೆ ಕೈ ಜಾರಿತು. ಜಾರಿದ್ದು ಕೆಳಕ್ಕೆ. ಸ್ಟಿಕ್ಕೂ ಅದರ ಜತೆ ಕೆಳಕ್ಕೆ ಹೋಯಿತು.

ಬ್ಲೇಡ್ ಸೊಂಯ್ ಅಂತ ಗಾಳಿ ಸೀಳುತ್ತಾ ಬಂತು. ಮೂತಿ ಎತ್ತಿದೆ. ಓಟ ನಿಂತಿತು. ನೇರ ಮಾಡಿದೆ. ಉಸಿರು ಹಿಡಿದು ಸ್ಟಿಕ್ ಎಳೆದೆ. ಒಣಗಿದ ಮಣ್ಣಿನ ಮೇಲೆ ಒಂದಿಷ್ಟೂ ಕುಪ್ಪಳಿಸದೆ ಕೂತಿತು. ಬ್ಲೇಡ್ ನಾಲ್ಕು ಸುತ್ತು ತಿರುಗಿ ನಿಂತಿತು.

ಸೀನ ಚಪ್ಪಾಳೆ ತಟ್ಟಿದ. ಮೇಷ್ಟ್ರು "ನೂರಕ್ಕೆ ತೊಂಬತ್ತು" ಅಂದರು. ಅವರು ಸರ್ವಿಸಿನಲ್ಲಿ ಯಾರಿಗೂ ಅಷ್ಟು ಕೊಟ್ಟವರಲ್ಲ.

"ಟೈಮಿಂಗ್ ಮುಖ್ಯ" ಅಂದೆ ನಾನು. "ಸ್ವಿಚ್ ಯಾವಾಗ ಒತ್ತಬೇಕು ಅನ್ನೋದು ಒಳಗಿಂದಲೇ ಗೊತ್ತಾಗಬೇಕು."

ಮಾವ ಮಾತ್ರ ಕಿವಿಗೆ ಕೈ ಕೊಟ್ಟು ಹೆಲಿಕಾಪ್ಟರ್ ಕಡೆ ಬಗ್ಗಿದರು.

"ಬ್ಲೇಡ್ ನಿಂತಿದೆ. ಒಳಗೆ ಏನೋ ಕಿಂಯ್ ಅಂತಲೇ ಇದೆಯಲ್ಲ?"

ಮೋಟರ್. ಅದರ ಶಾಫ್ಟಿಗೆ ಸಿಕ್ಕಿಸಿದ ಪುಟ್ಟ ಪಿನಿಯನ್ ಗೇರಿನ ಚಿಕ್ಕ ಸ್ಕ್ರೂ ಸಡಿಲವಾಗಿ, ಶಾಫ್ಟ್ ತನ್ನ ಪಾಡಿಗೆ ತಾನು ಬರಿದೇ ತಿರುಗುತ್ತಿತ್ತು. ಆ ಸ್ಕ್ರೂ ಬಿಗಿ ಮಾಡಿದವನು ನಾನೇ. ಮೆಲ್ಲಗೆ ಹೆಬ್ಬೆರಳಲ್ಲಿ ಹೋಲ್ಡ್ ಸ್ವಿಚ್ ಒತ್ತಿದೆ. ಸದ್ದು ನಿಂತಿತು. ಸೀನನ ಚಪ್ಪಾಳೆಯೂ ನಿಂತಿತು.

"ಮೋಟರ್ ಇಲ್ಲದೆ ಇಳಿಸಿದ್ದು ಸರಿ" ಅಂದರು ಮಾವ, ಕೊನೇ ಬೋಂಡಾ ಎತ್ತಿಕೊಳ್ಳುತ್ತಾ. "ಮೋಟರ್‌ಗೂ ಒಂದು ಮಾತು ಹೇಳಬಾರದಿತ್ತಾ?"