ಅರ್ಜೆಂಟ್: ಪ್ರಿಟರ್ಮ್ ಕೂಸಿನ ‘ಜಿಂಕ್ ಸಪ್ಲಿಮೆಂಟ್’ಗೆ ಕನ್ನಡ

ಎಲ್ಲರಿಗೂ ನಮಸ್ಕಾರ. ನವಜಾತ ಶಿಶು ಘಟಕದಿಂದ ಮನೆಗೆ ಹೊರಡುವ ತಾಯಂದಿರಿಗೆ ಕೊಡುವ ಚೀಟಿ ಇದು. ನಾಳೆ ಪ್ರಿಂಟಿಗೆ ಹೋಗಬೇಕು. 32 ವಾರಕ್ಕೂ ಮೊದಲೇ ಹುಟ್ಟಿದ ಕೂಸುಗಳ ವಿಷಯ. ಹೊಟ್ಟೆಯಲ್ಲಿರುವಾಗ ಕೂಸಿಗೆ ಸತು, ಅಂದರೆ ಜಿಂಕ್, ಹೆಚ್ಚಾಗಿ ಸೇರುವುದು ಕೊನೆಯ ಮೂರು ತಿಂಗಳಲ್ಲಿ. ಇವಕ್ಕೆ ಅದು ಪೂರ್ತಿ ಸಿಕ್ಕಿರುವುದಿಲ್ಲ. ವಾರಗಳು ಕಳೆದಂತೆ ಎದೆಹಾಲಿನಲ್ಲೂ ಸತು ಇಳಿಯುತ್ತದೆ. ಸತು ಸಾಲದಿದ್ದರೆ ತೂಕ ಏರುವುದಿಲ್ಲ, ಕೆಲವಕ್ಕೆ ಬಾಯಿಯ ಸುತ್ತ, ಕುಂಡೆಯ ಹತ್ತಿರ ಚರ್ಮ ಕೆಂಪಾಗಿ ಸುಲಿಯುತ್ತದೆ. ಅದಕ್ಕೇ ಹನಿ ಕೊಡುವುದು. ‘ಅತ್ಯಂತ ಅವಧಿಪೂರ್ವ ಶಿಶುಗಳಿಗೆ ಸತು ಪೂರಕ’ ಅಂತ ಬರೆದೆ. ನರ್ಸ್ ಓದಿ, “ಇದು ಯಾರಿಗೆ ಮೇಡಂ?” ಅಂದರು.
– ಸು.

‘ಅವಧಿಪೂರ್ವ’ ಬಿಸಾಕಿ. ‘ದಿನ ತುಂಬದ ಕೂಸು’ ಇರುವಾಗ ಅದೆಲ್ಲ ಯಾಕೆ? ಆದರೆ ‘ಅತ್ಯಂತ’ವನ್ನು ಅದರ ಹಿಂದೆ ಅಂಟಿಸಬೇಡಿ. ‘ತೀರಾ ಮುಂಚೆ ಹುಟ್ಟಿದ ಕೂಸು’ ಅನ್ನಿ. ‘ಪೂರಕ’ಕ್ಕೆ ‘ತುಂಬುಣಿಸು’. ಸತು ಹಾಗೇ ಇರಲಿ, ಅಚ್ಚಕನ್ನಡ.
– ಕೆ.ವಿ.

ತುಂಬುಣಿಸು! ಕೂಸಿಗೆ ಹಬ್ಬದೂಟ ಬಡಿಸುತ್ತಿದ್ದೀರಾ? ಸತು ಅಚ್ಚಕನ್ನಡ ಅಂತ ಯಾರು ಹೇಳಿದ್ದು? ಸಂಸ್ಕೃತದಲ್ಲಿ ಯಶದ, ಹಿಂದಿಯಲ್ಲಿ ಜಸ್ತಾ, ತಮಿಳಿನಲ್ಲಿ ತುತ್ತನಾಗಂ. ರಾಜಸ್ಥಾನದ ಜಾವರ್‌ನಲ್ಲಿ ಮಣ್ಣಿನ ಮೂಸೆ ಕಾಯಿಸಿ ಸತುವಿನ ಆವಿ ಹಿಡಿಯುತ್ತಿದ್ದರು. ನಮ್ಮ ಬಿದರಿ ಪಾತ್ರೆಯೂ ಬಹುಪಾಲು ಸತುವೇ, ತಾಮ್ರ ಸ್ವಲ್ಪ. ಲೋಹ ಊರೂರು ಸುತ್ತಬಹುದು, ಹೆಸರು ಸುತ್ತಬಾರದಾ? ಭೇದಿಯಾದರೆ ಆಶಾ ಕಾರ್ಯಕರ್ತೆ ಓಆರ್‌ಎಸ್ ಜೊತೆ 14 ದಿನ ‘ಜಿಂಕ್ ಮಾತ್ರೆ’ ಅಂತಲೇ ಕೊಡುತ್ತಾರೆ. ಸತು ಅಂದರೆ ಜನ ತಗಡು ಅಂದುಕೊಳ್ಳುತ್ತಾರೆ.
– ನ., ಬೀದರ್

ಹಾಗಾದರೆ ಚೀಟಿ ಪೂರ್ತಿ ಇಂಗ್ಲಿಷಿನಲ್ಲೇ ಹಾಕಿಸಿ. ಕನ್ನಡದ ಶ್ರಮ ಯಾಕೆ?
– ಕೆ.ವಿ.

ಜಗಳ ಆಮೇಲೆ ಆಡಿ. ಮನೆಯಲ್ಲಿ ಕಬ್ಬಿಣದ ಹನಿ, ವಿಟಮಿನ್ ಡಿ ಹನಿ, ಇದು, ಮೂರೂ ಒಂದೇ ಕಡೆ ಇಟ್ಟಿರುತ್ತಾರೆ. ಬಾಟಲಿಯ ಮೇಲೆ ಜಿಂಕ್ ಅಂತಿದೆ, ಅಜ್ಜಿಗೆ ಅದೇ ಹೇಳಿ. ಇನ್ನೊಂದು, ಚೀಟಿಯಲ್ಲಿ ‘ಎಲ್ಲ ಕೂಸುಗಳಿಗೂ ಕೊಡಲೇಬೇಕು’ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ್ದು ‘ಕೊಡಬಹುದು’ ಅನ್ನುವ ಧಾಟಿಯಲ್ಲಿ. ಅದೂ ಎದೆಹಾಲು ಕುಡಿಯುವ, ಬೇರೆ ಕಡೆಯಿಂದ ಸತು ಸಿಗದ ಕೂಸಿಗೆ. ‘ಡಾಕ್ಟರು ಹೇಳಿದಷ್ಟೇ’ ಅಂತ ದಪ್ಪ ಅಕ್ಷರದಲ್ಲಿ ಹಾಕಿ. ಜಾಸ್ತಿಯಾದರೆ ತಾಮ್ರ ಮೈಗೆ ಹಿಡಿಯುವುದಿಲ್ಲ.
– ಮಕ್ಕಳ ಡಾಕ್ಟರು, ಧಾರವಾಡ

ಥ್ಯಾಂಕ್ಸ್ ಸರ್. ‘ತೀರಾ ಮುಂಚೆ ಹುಟ್ಟಿದ ಕೂಸಿಗೆ ಜಿಂಕ್ (ಸತು) ಹನಿ’ ಅಂತ ಕಳಿಸುತ್ತಿದ್ದೇನೆ.
– ಸು.

ಕಂಸದೊಳಗೆ ಹೋಗಬೇಕಾದದ್ದು ಜಿಂಕ್. ತಿದ್ದಿ ಕಳಿಸಿ.
– ಕೆ.ವಿ.